ಅರ್ಮೇನಿಯಾದ ಕಸೂತಿ ನೋಡಿ ಸ್ವಂತ ಡಿಸೈನ್ ಕಲಿಯಬಹುದಾ?

ಹೊಲಿಗೆಮನೆ, ಶಿರಸಿ:
ರವಿಕೆ ಹೊಲಿಯುತ್ತೇನೆ. ಕಛ್ ವರ್ಕ್ ಚೆನ್ನಾಗಿ ಬರುತ್ತದೆ. ಆದರೆ ಡಿಸೈನ್ ಎಲ್ಲಾ ಟ್ರೇಸಿಂಗ್ ಪೇಪರಿನದ್ದೇ. ಅರ್ಮೇನಿಯನ್ನರ ಸೂಜಿ ಲೇಸ್, ಮರಾಶ್ ಕಸೂತಿ ನೋಡಿದಾಗಿನಿಂದ ಅದೇ ಗುಂಗು. ನನಗೆ ಚಿತ್ರ ಬಿಡಿಸಲು ಅಷ್ಟಾಗಿ ಬರುವುದಿಲ್ಲ. ಎಲ್ಲಿಂದ ಶುರು ಮಾಡಲಿ?

ಕುಮಟಾ ಅಕ್ಕ:
ತಂಗೀ, ಚಿತ್ರ ಬಿಡಿಸಲು ಬರದಿದ್ದರೂ ನಡೆಯುತ್ತದೆ. ಎಣಿಸಲು ಬರಬೇಕು.

ಮರಾಶ್ ಹೊಲಿಗೆ ನಿನ್ನ ಕಛ್ ವರ್ಕಿನ ಜಾತಿಯದೇ. ಮೊದಲು ಬಟ್ಟೆಗೆ ಚುಚ್ಚಿ ಎಳೆಗಳ ಹಂದರ ಹಾಕುವುದು. ಆಮೇಲೆ ಬಟ್ಟೆ ಮುಟ್ಟದೆ ಆ ಎಳೆಗಳ ಮೇಲೆ ಕೆಳಗೆ ದಾರ ಹೆಣೆಯುವುದು. ಹಾಗಾಗಿ ಟ್ರೇಸಿಂಗ್ ಬಿಡು, ಗ್ರಾಫ್ ಹಾಳೆ ತಗೋ. ಒಂದೇ ಶಿಲುಬೆ ಆಕಾರ ಸಾಕು. ಅದನ್ನು ಸಾಲಾಗಿ ಇಟ್ಟರೆ ಸೆರಗಿನ ಅಂಚು. ನಾಲ್ಕು ಸೇರಿಸಿ ನಡುವೆ ಜಾಗ ಬಿಟ್ಟರೆ ಬೇರೆಯದೇ ಹೂವು. ಬಿಟ್ಟ ಜಾಗವನ್ನೂ ನೋಡುತ್ತಾ ಹೋಗು, ಡಿಸೈನ್ ಅಲ್ಲೇ ಹುಟ್ಟುವುದು.

ಸೂಜಿ ಲೇಸಿನಲ್ಲಿ ಬಟ್ಟೆಯೂ ಬೇಡ, ಕ್ರೋಶಾ ಕಡ್ಡಿಯೂ ಬೇಡ. ಒಂದು ಸಾಲಿನ ಕುಣಿಕೆಗಳಿಗೆ ಮುಂದಿನ ಸಾಲಿನ ಗಂಟು. ಐದು ಗಂಟಿನ ನಡುವೆ ನಾಲ್ಕೇ ಕುಣಿಕೆ ಅಲ್ವಾ? ಹಾಗೆ ಸಾಲಿಗೊಂದು ಕಡಿಮೆಯಾಗುತ್ತಾ ತ್ರಿಕೋನ ತಾನೇ ಮೂಡುತ್ತದೆ.

ಇನ್ನೊಂದು ಮಾತು. ಮರಾಶ್ ಊರು ಈಗ ಟರ್ಕಿಯಲ್ಲಿದೆ. 1915ರಲ್ಲಿ ಒಟ್ಟೊಮನ್ ತುರ್ಕರ ಆಳ್ವಿಕೆಯಲ್ಲಿ ನಡೆದ ಅರ್ಮೇನಿಯನ್ನರ ನರಮೇಧದಲ್ಲಿ ಬದುಕುಳಿದ ಹೆಂಗಸರು ಅಲೆಪ್ಪೊ, ಬೈರೂತ್ ಸೇರಿ ಈ ಕಸೂತಿ ಮಾರಿ ಹೊಟ್ಟೆ ಹೊರೆದರು. ಲೆಬನಾನಿನ ಘಝೀರಿನಲ್ಲಿ ಅನಾಥ ಹುಡುಗಿಯರು ನೇಯ್ದ ರತ್ನಗಂಬಳಿ 1925ರಲ್ಲಿ ಅಮೆರಿಕದ ಅಧ್ಯಕ್ಷರಿಗೆ ಉಡುಗೊರೆಯಾಗಿ ಹೋಯಿತು. ನೀನು ಮಾಡಿದ ರವಿಕೆ ಮಾರುವಾಗ ಇದು ಮರಾಶಿನದು ಅಂತ ಗಿರಾಕಿಗೆ ಹೇಳು. ಸುಮ್ನೆ 'ಹೊಸ ಡಿಸೈನ್' ಅನ್ನಬೇಡ.

ಕಾರವಾರ ಕಡಲು:
ಬಣ್ಣದ ಬಗ್ಗೆ ಹೇಳುತ್ತೇನೆ. ಅವರ ಹಳೆಯ ಕೆಂಪು ಬರುತ್ತಿದ್ದುದು ಅರ್ಮೇನಿಯಾದ ಅರಾರತ್ ಬಯಲಿನ ಹುಲ್ಲಿನ ಬೇರಿಗೆ ಅಂಟಿ ಬದುಕುವ ಒಂದು ಹುಳದಿಂದ. ನಮ್ಮಲ್ಲಿ ಮಳೆಗಾಲ ಮುಗಿಯುವ ಹೊತ್ತಿಗೆ ಅಲ್ಲಿ ಹುಳ ಮಣ್ಣಿನಿಂದ ಮೇಲೆ ಬರುತ್ತದೆ. ಉಣ್ಣೆ, ರೇಷ್ಮೆಗೂ ಅದೇ, ಹಸ್ತಪ್ರತಿಯ ಚಿತ್ರಗಳಿಗೂ ಅದೇ. ಆ ಕೆಂಪು ನಮಗೆ ಸಿಗದು. ಶಿರಸಿಯಲ್ಲಿ ಅಡಿಕೆ ಬೇಯಿಸಿದಾಗ ಉಳಿಯುವ ಚೊಗರು ಇದೆಯಲ್ಲ, ಹತ್ತಿ ದಾರಕ್ಕೆ ಒಳ್ಳೆ ಕೆಂಗಂದು ಕೊಡುತ್ತದೆ. ಅದನ್ನೇ ಹಿಡಿಯಿರಿ.

ಹೊಲಿಗೆಮನೆ, ಶಿರಸಿ:
ಚೊಗರಿಗೆ ನಮ್ಮಲ್ಲಿ ಬರವಿಲ್ಲ! ಅಕ್ಕಾ, ಹೆಣೆಯಲು ರೇಷ್ಮೆ ದಾರ ಆಗುತ್ತದಾ?

ಕುಮಟಾ ಅಕ್ಕ:
ಕಲಿಯುವಾಗ ಬೇಡ, ಜಾರುತ್ತದೆ. ಹುರಿ ಜಾಸ್ತಿ ಇರುವ ದಪ್ಪ ಹತ್ತಿ ದಾರ ತಗೋ. ಹೆಣೆಯುವಾಗ ಸೂಜಿಯ ಕಣ್ಣಿನ ಕಡೆಯನ್ನು ಮುಂದೆ ಮಾಡು, ಎಳೆ ಸೀಳುವುದಿಲ್ಲ. ಮೊದಲ ತುಂಡು ಆದಮೇಲೆ ಹಿಂದು ಮುಂದು ಎರಡೂ ಫೋಟೋ ಹಾಕು.