ಲಂಡನ್ನಿನ ಹ್ಯಾಂಡೆಲ್ ಮನೆ: ಫಲಕ ನೋಡಲು ಅಪ್ಪನನ್ನು ಕರೆದುಕೊಂಡು ಹೋಗಬಹುದಾ?

ಪ್ರಶ್ನೆ (ರಾಗಮಾಲಿಕೆ):
ಮುಂದಿನ ತಿಂಗಳು ಅಪ್ಪ, ಅಮ್ಮ ಮೈಸೂರಿನಿಂದ ಲಂಡನ್ನಿಗೆ ಬರುತ್ತಿದ್ದಾರೆ. ಅಪ್ಪನಿಗೆ ಅರಮನೆ, ಸೇತುವೆ ಎಲ್ಲ ಅಷ್ಟಕ್ಕಷ್ಟೇ, ಸಂಗೀತ ಅಂದರೆ ಪ್ರಾಣ. ಬಾಂಡ್ ಸ್ಟ್ರೀಟ್ ಸ್ಟೇಷನ್ ಹತ್ತಿರ ಬ್ರೂಕ್ ಸ್ಟ್ರೀಟ್‌ನಲ್ಲಿ 25ನೇ ನಂಬರಿನ ಮನೆಗೆ ಸಂಗೀತಕಾರ ಹ್ಯಾಂಡೆಲ್ ಹೆಸರಿನ ನೀಲಿ ಫಲಕ (ಹೆಸರಾಂತರು ಇದ್ದ ಮನೆಗೆ ಹಾಕುವ ಗುರುತು) ಇದೆ. ಪಕ್ಕದ 23ಕ್ಕೆ ಗಿಟಾರ್ ವಾದಕ ಜಿಮಿ ಹೆಂಡ್ರಿಕ್ಸ್ ಫಲಕ. ಇದು ನಿಜವಾಗಲೂ ಹ್ಯಾಂಡೆಲ್ ಇದ್ದ ಮನೆನಾ, ಅಥವಾ ಹಳೇದನ್ನು ಕೆಡವಿ ಹೊಸದು ಕಟ್ಟಿ ಸುಮ್ನೆ ನೆನಪಿಗೆ ಹಾಕಿದ್ದಾ? ಬರೀ ಒಂದು ಫಲಕಕ್ಕಾಗಿ ಎಪ್ಪತ್ತು ದಾಟಿದವರನ್ನು ಅಷ್ಟು ನಡೆಸಬೇಕಾ ಅಂತ ಯೋಚನೆ.

ಉತ್ತರ (ತೇಮ್ಸ್ ತೀರ):
ಅದೇ ಮನೆ. ಅನುಮಾನವೇ ಬೇಡ. 1723ರಲ್ಲಿ ಮನೆ ಹೊಸದಾಗಿದ್ದಾಗ ಮೊದಲ ಬಾಡಿಗೆದಾರರಾಗಿ ಬಂದವರು ಹ್ಯಾಂಡೆಲ್. ಜರ್ಮನಿಯ ಹಾಲೆ ಊರಿನವರು, 1727ರಲ್ಲಿ ಬ್ರಿಟಿಷ್ ಪ್ರಜೆಯಾದರು, ಆದರೂ ಮನೆ ಕೊಳ್ಳಲೇ ಇಲ್ಲ. 36 ವರ್ಷ ಅಲ್ಲೇ ಬಾಡಿಗೆಗೆ ಇದ್ದು, 1759ರ ಏಪ್ರಿಲ್ 14ರಂದು ಅಲ್ಲೇ ತೀರಿಕೊಂಡರು. ಅವರ ಹೆಸರಾಂತ ಗಾಯನ ಕೃತಿ 'ಮೆಸ್ಸಾಯಾ' ಬರೆದದ್ದೂ ಇದೇ ಮನೆಯಲ್ಲಿ, 1741ರಲ್ಲಿ, ಬರೀ 24 ದಿನಗಳಲ್ಲಿ. ಹಾಡುಗಾರರನ್ನು ಮನೆಗೇ ಕರೆಸಿ ಅಭ್ಯಾಸ ಮಾಡಿಸುತ್ತಿದ್ದರು. ಈಗ ಎರಡೂ ಮನೆ ಸೇರಿ ಮ್ಯೂಸಿಯಂ ಆಗಿದೆ, ಆದ್ದರಿಂದ ಫಲಕ ನೋಡಿ ವಾಪಸ್ ಬರಬೇಡಿ, ಒಳಗೆ ಹೋಗಿ. ಸಂಗೀತ ಹುಟ್ಟಿದ ಕೋಣೆಯಲ್ಲಿ ನಿಂತುಕೊಳ್ಳುವುದು ನನ್ನ ಪ್ರಕಾರ ಯಾವ ಅರಮನೆಗಿಂತಲೂ ದೊಡ್ಡದು. ಕೆಲವು ಕೋಣೆಗಳು ಮೇಲಿನ ಅಂತಸ್ತುಗಳಲ್ಲಿವೆ, ಅಪ್ಪನಿಗೆ ಮಂಡಿನೋವು ಇದ್ದರೆ ಮೊದಲೇ ಫೋನ್ ಮಾಡಿ ವಿಚಾರಿಸಿ.

ಹೆಂಡ್ರಿಕ್ಸ್ ಇದ್ದದ್ದು 1968-69ರಲ್ಲಿ, ಪಕ್ಕದ ಮನೆಯ ಮೇಲಿನ ಅಂತಸ್ತಿನಲ್ಲಿ. ಪಕ್ಕದಲ್ಲಿದ್ದವರು ಯಾರು ಅಂತ ತಿಳಿದು, ಅಂಗಡಿಗೆ ಹೋಗಿ ಹ್ಯಾಂಡೆಲ್ ರೆಕಾರ್ಡ್ ಕೊಂಡು ಕೇಳಿದರಂತೆ. ನನಗೆ ತುಂಬಾ ಇಷ್ಟವಾದ ವಿಷಯ ಇದು.

ಉತ್ತರ (ಹಳೇಬೀದಿ):
ಕೆಡವಿ ಕಟ್ಟಿದ್ದಾ ಅಂತ ಕೇಳಿದಿರಲ್ಲ, ಲಂಡನ್ನಿನ ನೀಲಿ ಫಲಕ ಯೋಜನೆಯ ನಿಯಮವೇ ಅದಕ್ಕೆ ಉತ್ತರ. 1866ರಲ್ಲಿ ಶುರುವಾಯಿತು, 1986ರಿಂದ ಇಂಗ್ಲಿಷ್ ಹೆರಿಟೇಜ್ ಅನ್ನುವ ಸಂಸ್ಥೆ ನಡೆಸುತ್ತಿದೆ. ಯಾರು ಬೇಕಾದರೂ ಹೆಸರು ಸೂಚಿಸಬಹುದು. ಆದರೆ ಆ ವ್ಯಕ್ತಿ ತೀರಿಕೊಂಡು 20 ವರ್ಷ ಕಳೆದಿರಬೇಕು, ಅವರು ಇದ್ದ ಕಟ್ಟಡ ಉಳಿದಿರಬೇಕು, ಈಗಿನ ಮಾಲೀಕರು ಒಪ್ಪಬೇಕು. ಹೆಂಡ್ರಿಕ್ಸ್ ಸತ್ತಿದ್ದು 1970ರಲ್ಲಿ, ಫಲಕ ಬಂದಿದ್ದು 1997ರಲ್ಲಿ. ಕಟ್ಟಡ ಹೋದರೆ ಫಲಕವೂ ಹೋಗುತ್ತದೆ. ಮೊದಲ ಫಲಕ ಹಾಕಿದ್ದು ಕವಿ ಬೈರನ್ ಹುಟ್ಟಿದ ಮನೆಗೆ, 1867ರಲ್ಲಿ. ಆ ಮನೆ ಇವತ್ತು ಇಲ್ಲ.

ಸಮಯ ಇದ್ದರೆ ಎಬರಿ ಸ್ಟ್ರೀಟ್ 180ಕ್ಕೂ ಹೋಗಿ. 1764ರಲ್ಲಿ ಎಂಟು ವರ್ಷದ ಮೊಜಾರ್ಟ್ ಮೊದಲ ಸಿಂಫನಿ (ವಾದ್ಯವೃಂದಕ್ಕೆ ಬರೆಯುವ ದೊಡ್ಡ ಕೃತಿ) ಬರೆದ ಮನೆ. ಮೊಜಾರ್ಟ್‌ನ ಅಪ್ಪನಿಗೆ ಹುಷಾರಿರಲಿಲ್ಲ, ಮನೆಯಲ್ಲಿ ಕೀಬೋರ್ಡ್ ಮುಟ್ಟುವ ಹಾಗಿರಲಿಲ್ಲ, ಹಾಗಾಗಿ ಹುಡುಗ ಕೂತು ಸಿಂಫನಿ ಬರೆದ ಅಂತ ಅವನ ಅಕ್ಕ ಆಮೇಲೆ ನೆನಪಿಸಿಕೊಂಡಿದ್ದಾಳೆ.

ಉತ್ತರ (ಒಂಟಿಕೊಪ್ಪಲು):
ಅಪ್ಪ ಮೈಸೂರಿನವರು ಅಂದಿರಿ, ಹಾಗಾದರೆ ಇದನ್ನು ಹೇಳದೆ ಕಳಿಸಬೇಡಿ. ಲಂಡನ್ನಿನ ಗೋಲ್ಡರ್ಸ್ ಗ್ರೀನ್ ಬಡಾವಣೆಯಲ್ಲಿ ರಷ್ಯಾದಿಂದ ಬಂದ ಸಂಗೀತಕಾರ ನಿಕೊಲಾಯ್ ಮೆಟ್ನರ್ ಇದ್ದರು. ಲಂಡನ್ನಿಗೆ ಬಂದದ್ದು 1935ರಲ್ಲಿ. ಯುದ್ಧ ಶುರುವಾದ ಮೇಲೆ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ದುಡ್ಡು ನಿಂತಿತು, ಆರೋಗ್ಯವೂ ಕೈಕೊಟ್ಟಿತು. ಆಗ ಕೈ ಹಿಡಿದವರು ನಮ್ಮ ಜಯಚಾಮರಾಜ ಒಡೆಯರು! ಅವರಿಗೆ ಮೂವತ್ತೂ ತುಂಬಿರಲಿಲ್ಲ. ಒಡೆಯರು ಖರ್ಚು ವಹಿಸಿಕೊಂಡದ್ದಕ್ಕೇ ಮೆಟ್ನರ್ ತಮ್ಮ ಮೂರೂ ಪಿಯಾನೊ ಕನ್ಸರ್ಟೊಗಳನ್ನು (ವಾದ್ಯವೃಂದದ ಜೊತೆ ಪಿಯಾನೊ ನುಡಿಸುವ ದೊಡ್ಡ ಕೃತಿಗಳು) ತಾವೇ ನುಡಿಸಿ ರೆಕಾರ್ಡ್ ಮಾಡಲು ಆಯಿತು. ಮೂರನೆಯದನ್ನು ಒಡೆಯರಿಗೇ ಅರ್ಪಿಸಿದ್ದಾರೆ. 1951ರಲ್ಲಿ ಮೆಟ್ನರ್ ಹೋದರು, ಆ ರೆಕಾರ್ಡ್‌ಗಳು ಇವತ್ತಿಗೂ ಕೇಳಲು ಸಿಗುತ್ತವೆ.

ಇನ್ನೂ ಒಂದಿದೆ. ಜರ್ಮನಿಯ ಸಂಗೀತಕಾರ ರಿಚರ್ಡ್ ಸ್ಟ್ರಾಸ್‌ನ 'ಕೊನೆಯ ನಾಲ್ಕು ಹಾಡುಗಳು' ಮೊದಲ ಬಾರಿ ಕೇಳಿಬಂದದ್ದು 1950ರ ಮೇ 22ರಂದು, ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ. ಆ ಕಛೇರಿಯ ಖರ್ಚಿಗೂ ನಿಂತವರು ಒಡೆಯರೇ. ಅವರು ಹೋಗಲು ಆಗಲಿಲ್ಲ, ಆದ್ದರಿಂದ ಹಾಡುಗಳನ್ನು ರೆಕಾರ್ಡ್ ಮಾಡಿ ಮೈಸೂರಿಗೆ ಕಳಿಸಿದರು. ಫಲಕದಲ್ಲಿ ಬರೆದವರ ಹೆಸರು ಇರುತ್ತದೆ, ಬರೆಯಲು ಆಸರೆಯಾದವರ ಹೆಸರಿಗೆ ಜಾಗ ಇರುವುದಿಲ್ಲ. ಮೈಸೂರಿನಲ್ಲೇ ಎಷ್ಟು ಜನಕ್ಕೆ ಇದು ಗೊತ್ತು ಹೇಳಿ? ಗೊತ್ತಾಗಲೇಬೇಕು ಅನ್ನುವುದು ನನ್ನ ಆಸೆ.

ರಾಗಮಾಲಿಕೆ:
ಎಲ್ಲರಿಗೂ ಥ್ಯಾಂಕ್ಸ್! ಒಡೆಯರ ಕೃತಿಗಳನ್ನು, ಆ ಶ್ರೀವಿದ್ಯಾ ಅಂಕಿತದವನ್ನು, ಅಪ್ಪ ದಿನಾ ಗುನುಗುತ್ತಾರೆ. ಈ ಕಥೆ ಮಾತ್ರ ಅವರ ಬಾಯಲ್ಲಿ ಯಾವತ್ತೂ ಕೇಳಿಲ್ಲ. ಬ್ರೂಕ್ ಸ್ಟ್ರೀಟ್ ಗ್ಯಾರಂಟಿ. ಗೋಲ್ಡರ್ಸ್ ಗ್ರೀನ್‌ಗೂ ಹೋಗಬಹುದಾ?

ಉತ್ತರ (ಒಂಟಿಕೊಪ್ಪಲು):
ಹೋಗಿ, ನಾರ್ದರ್ನ್ ಲೈನ್ ಟ್ಯೂಬ್ (ಮೆಟ್ರೊ ರೈಲು) ನೇರ ಹೋಗುತ್ತದೆ. ಮೆಟ್ನರ್ ಇದ್ದದ್ದು ವೆಂಟ್‌ವರ್ತ್ ರೋಡ್‌ನಲ್ಲಿ. ಜನ ವಾಸ ಮಾಡುವ ಬೀದಿ, ಗೇಟಿನ ಹತ್ತಿರ ಗುಂಪು ಸೇರುವುದು ಬೇಡ, ನಡೆದುಕೊಂಡೇ ನೋಡಿ. ಹೊರಡುವ ಮುಂಚೆ ಮೂರನೇ ಕನ್ಸರ್ಟೊ ಒಮ್ಮೆ ಅಪ್ಪನಿಗೆ ಕೇಳಿಸಿ, ಮೆಟ್ನರ್ ತಾವೇ ನುಡಿಸಿದ್ದನ್ನೇ.