ಜೀಪಿನಲ್ಲಿ ಕೂತರೆ ರಿವಾಲ್ವರ್ ಪಕ್ಕೆಗೆ ಒತ್ತುತ್ತದೆ: ಹಗುರದ್ದು ತಗೊಳ್ಳಬೇಕಾ?

ಮೂಡಿಗೆರೆ ತೋಟ:
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮದು ಕಾಫಿ ತೋಟ. ಆತ್ಮರಕ್ಷಣೆಗೆ ಲೈಸೆನ್ಸ್ ಇದೆ. ಸರ್ಕಾರಿ ಕಾರ್ಖಾನೆಯ .32 (ಇದು ಗುಂಡಿನ ಅಳತೆ) ರಿವಾಲ್ವರ್ ಇದೆ, ಆರು ಗುಂಡಿನದು, ಖಾಲಿ ಇದ್ದಾಗ ಸುಮಾರು 700 ಗ್ರಾಂ. ಮೊದಲೆಲ್ಲ ಬಟವಾಡೆ ದಿನ ಬ್ಯಾಂಕಿನಿಂದ ಹಣ ತರುವಾಗ ಮಾತ್ರ ಸೊಂಟಕ್ಕೆ ಕಟ್ಟುತ್ತಿದ್ದೆ. ಈ ಸಲ ಕೊಯ್ಲು ಶುರುವಾದ ಮೇಲೆ ದಿನಾ ಕಟ್ಟಬೇಕಾಗಿದೆ.

ಸಮಸ್ಯೆ ಏನೆಂದರೆ, ಸಂಜೆ ಮನೆಗೆ ಬಂದು ಬಿಚ್ಚಿದರೆ ಸೊಂಟದ ಮೂಳೆಯ ಮೇಲೆ, ಕೆಳಪಕ್ಕೆಯ ಹತ್ತಿರ, ಹೆಬ್ಬೆರಳಿನ ಅಗಲ ಕೆಂಪಗೆ ಕಂದಿರುತ್ತದೆ. ಹಿಡಿಯ ತುದಿ ಒತ್ತಿದ ಗುರುತು ಅದು. ನಡೆಯುವಾಗ ಜಾರುತ್ತದೆ, ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಮೊನ್ನೆ ಅಂಗಡಿಯಲ್ಲಿ ಒಬ್ಬರು ನನ್ನ ಕೈಯನ್ನೇ ನೋಡುತ್ತಿದ್ದರು, ತುಂಬಾ ಮುಜುಗರ ಆಯಿತು. ಇದನ್ನು ಮಾರಿ 500 ಗ್ರಾಂನ ನಿರ್ಭೀಕ್ ತಗೊಳ್ಳಲಾ, ಅಥವಾ 250 ಗ್ರಾಂನ .22 ನಿಡರ್ ತಗೊಳ್ಳಲಾ? ದಿನವಿಡೀ ಕಟ್ಟಿಕೊಂಡರೂ ನೋವಾಗದಂಥದ್ದು ಯಾವುದು, ದಯವಿಟ್ಟು ಹೇಳಿ.

ಹಾಸನ, ನಿವೃತ್ತ ಸೈನಿಕ:
ತಮ್ಮಾ, ಮಾರುವ ಮಾತು ಆಮೇಲೆ. ಮೊದಲು ನಾಲ್ಕು ವಿಷಯ ಹೇಳು. ಯಾವ ಕಡೆ ಕಟ್ಟುತ್ತೀಯ? ಪ್ಯಾಂಟಿನ ಒಳಗಾ, ಹೊರಗಾ? ಹೋಲ್‌ಸ್ಟರ್, ಅಂದರೆ ರಿವಾಲ್ವರ್ ಇಡುವ ಚೀಲ, ಎಂಥದ್ದು? ಬೆಲ್ಟ್ ಎಂಥದ್ದು? ಇನ್ನೊಂದು, ನೋವು ನಡೆಯುವಾಗ ಜಾಸ್ತಿಯೋ, ಕೂತಾಗ ಜಾಸ್ತಿಯೋ?

ಮೂಡಿಗೆರೆ ತೋಟ:
ಸಾರ್, ಬಲಗಡೆ, ಪ್ಯಾಂಟಿನ ಒಳಗೆ. ಬಟ್ಟೆಯ ಹೋಲ್‌ಸ್ಟರ್, ಒಂದೇ ಒಂದು ಕ್ಲಿಪ್ ಇದೆ. ಬೆಲ್ಟ್ ಮದುವೆ-ಮುಂಜಿಗೆ ಹಾಕುವ ತೆಳು ಬೆಲ್ಟೇ. ನೋವು ಪೂರ್ತಿ ಜೀಪಿನಲ್ಲಿ. ತೋಟದೊಳಗೆ ಓಡಾಡುವಾಗ ನೋವಿಲ್ಲ, ಜಾರುತ್ತದೆ ಅಷ್ಟೇ.

ಹಾಸನ, ನಿವೃತ್ತ ಸೈನಿಕ:
ಹಾಗಾದರೆ ತೂಕದ ತಪ್ಪಲ್ಲ ಇದು. ತೂಕದಿಂದ ನೋವಾಗಿದ್ದರೆ ನಡೆಯುವಾಗಲೂ ಆಗಬೇಕಿತ್ತು, ಅಲ್ವಾ?

ನಿನ್ನ ಬೆಲ್ಟನ್ನು ಕೈಯಲ್ಲಿ ಅಡ್ಡಕ್ಕೆ ಹಿಡಿದು ಮಡಚಿ ನೋಡು. ಕಾಗದದ ಹಾಗೆ ಮಡಚಿಕೊಂಡರೆ ಅದು ಪ್ಯಾಂಟ್ ನಿಲ್ಲಿಸಲು ಮಾತ್ರ ಸರಿ. ಮುಕ್ಕಾಲು ಕಿಲೋ ಕಬ್ಬಿಣ ಒಂದೇ ಜಾಗದಲ್ಲಿ ನೇತುಬಿದ್ದರೆ ತೆಳು ಬೆಲ್ಟ್ ಅಲ್ಲೇ ತಿರುಚಿಕೊಳ್ಳುತ್ತದೆ. ಹಿಡಿ ಹೊರಕ್ಕೆ ವಾಲುತ್ತದೆ, ಅಂಗಿ ಉಬ್ಬುತ್ತದೆ. ಕೂತ ಕೂಡಲೇ ವಾಲಿದ್ದು ವಾಪಸ್ ಪಕ್ಕೆಗೆ ಬಂದು ಚುಚ್ಚುತ್ತದೆ. ಒಂದೂವರೆ ಇಂಚು ಅಗಲದ, ಎರಡು ಪದರ ಚರ್ಮ ಸೇರಿಸಿ ಹೊಲಿದ ಗಟ್ಟಿ ಬೆಲ್ಟ್ ಬೇಕು. ಒಳ್ಳೆ ಚರ್ಮದ ಕೆಲಸ ಬಲ್ಲವರು ಹೊಲಿದು ಕೊಡುತ್ತಾರೆ. ಆರ್ಡರ್ ಕೊಡುವ ಮುಂಚೆ ನಿನ್ನ ಪ್ಯಾಂಟಿನ ಲೂಪ್ ಅಳೆದುಕೋ.

ಎರಡನೆಯದು ಸೀಟ್ ಬೆಲ್ಟ್. ನಮ್ಮಲ್ಲಿ ಡ್ರೈವರ್ ಸೀಟು ಬಲಗಡೆ. ಸೀಟ್ ಬೆಲ್ಟಿನ ಬುಡ ಇರುವುದೂ ಬಲ ಸೊಂಟದ ಪಕ್ಕದಲ್ಲೇ. ನೀನು ಬೆಲ್ಟ್ ಹಾಕಿಕೊಂಡ ಕೂಡಲೇ ಅದು ರಿವಾಲ್ವರನ್ನು ನಿನ್ನ ಮೈಗೆ ಒತ್ತಿ ಹಿಡಿಯುತ್ತದೆ. ಘಾಟಿ ರಸ್ತೆಯಲ್ಲಿ ಪ್ರತಿ ತಿರುವಿಗೂ ಒಂದು ಗುದ್ದು. ಹಾಗಂತ ಸೀಟ್ ಬೆಲ್ಟ್ ಬಿಡಬೇಡ, ಜಾಗ ಬದಲಿಸು. ಸೊಂಟವನ್ನು ಗಡಿಯಾರ ಅಂದುಕೋ, ಹೊಕ್ಕುಳು 12. ಈಗ ನೀನು ಕಟ್ಟುತ್ತಿರುವುದು ಮೂರು ಗಂಟೆಗೆ. ನಾಲ್ಕು ಗಂಟೆಗೆ ಸರಿಸಿದರೆ ನಡೆಯುವವರಿಗೆ ಚೆನ್ನ, ಆದರೆ ಸೀಟಿಗೆ ಒರಗಿದರೆ ಬೆನ್ನಿಗೆ ಒತ್ತುತ್ತದೆ. ದಿನಾ ಜೀಪಿನಲ್ಲೇ ಇರುವವರಿಗೆ ಎಡಗಡೆ ಮುಂದಕ್ಕೆ, ಹತ್ತು ಹತ್ತೂವರೆ ಗಂಟೆ ಜಾಗದಲ್ಲಿ, ಹಿಡಿ ಬಲಕ್ಕೆ ತಿರುಗಿರುವಂತೆ ಓರೆಯಾಗಿ ಕಟ್ಟುವುದು ಹಿತ. ಕೂತಾಗ ಅಲ್ಲಿ ಸೀಟಿನ ಒರಗೂ ಒತ್ತುವುದಿಲ್ಲ, ಸೀಟ್ ಬೆಲ್ಟಿನ ಬುಡವೂ ಒತ್ತುವುದಿಲ್ಲ. ಒಂದೇ ತೊಂದರೆ, ಓರೆ ಇರುವುದರಿಂದ ನಳಿಗೆ ಎಡಕ್ಕೆ, ಹಿಂದಕ್ಕೆ ನೋಡುತ್ತಿರುತ್ತದೆ. ಪಕ್ಕದಲ್ಲಿ ಜನ ಇದ್ದಾಗ ಹೋಲ್‌ಸ್ಟರಿನಿಂದ ತೆಗೆಯುವುದು, ಹಾಕುವುದು ಬೇಡವೇ ಬೇಡ.

ಮೂರನೆಯದೇ ನನಗೆ ಜಾಸ್ತಿ ಚಿಂತೆ. ಆ ಬಟ್ಟೆಯ ಹೋಲ್‌ಸ್ಟರನ್ನು ಇವತ್ತೇ ಬಿಡು. ಮೆತ್ತಗಿನ ಬಟ್ಟೆಯ ಮೇಲಿಂದಲೇ ಟ್ರಿಗರ್‌ಗೆ ಒತ್ತು ಬೀಳಬಹುದು. ತೆಗೆದ ಕೂಡಲೇ ಅದರ ಬಾಯಿ ಮುಚ್ಚಿಕೊಳ್ಳುತ್ತದೆ, ವಾಪಸ್ ಹಾಕುವಾಗ ಅಂಚು ಮಡಚಿ ಟ್ರಿಗರ್ ಹತ್ತಿರ ಸೇರಬಹುದು. ನಿನ್ನ ರಿವಾಲ್ವರಿನ ಅಳತೆಗೇ ಮಾಡಿದ, ಟ್ರಿಗರ್ ಪೂರ್ತಿ ಮುಚ್ಚುವ, ಮೇಲೆ ಪಟ್ಟಿ ಇರುವ ಗಟ್ಟಿ ಚರ್ಮದ್ದು ತಗೋ. ಬೆಲ್ಟ್ ಎರಡು ಕಡೆ ತೂರುವ ಹಾಗಿರಲಿ. ಒಂದು ಕ್ಲಿಪ್ಪಿನದು ಓಲಾಡುತ್ತಲೇ ಇರುತ್ತದೆ, ನಿನಗೆ ಜಾರುತ್ತಿರುವುದು ಅದಕ್ಕೇ.

ಚಿಕ್ಕಮಗಳೂರು, ಪಿಸ್ತೂಲು ಇಟ್ಟವನು:
ಸಾರ್ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ನಿಮ್ಮದೇ ತಪ್ಪು ಮಾಡಿ ರಿವಾಲ್ವರ್ ಕೊಟ್ಟು ಅಶನಿ ಪಿಸ್ತೂಲು ತಗೊಂಡೆ. ಚಪ್ಪಟೆ ಇದೆ, ಸಿಲಿಂಡರಿನ ಉಬ್ಬು ಇಲ್ಲ, ಅಂಗಿಯೊಳಗೆ ಕಾಣುವುದಿಲ್ಲ. ಆದರೆ ತೂಕದಲ್ಲಿ ಹೇಳುವಂಥ ವ್ಯತ್ಯಾಸ ಇಲ್ಲ. ಹಳೇ ಬೆಲ್ಟಿನಲ್ಲಿ ಅದೇ ನೋವು ಆರು ತಿಂಗಳು ಅನುಭವಿಸಿದೆ. ಮನೆಯಲ್ಲಿದ್ದ ಹಳೇ ಗುಂಡೂ ಉಪಯೋಗಕ್ಕೆ ಬರಲಿಲ್ಲ. ಎರಡಕ್ಕೂ .32 ಅಂತಲೇ ಹೆಸರು, ಆದರೆ ರಿವಾಲ್ವರಿನ ಗುಂಡು ಬೇರೆ, ಪಿಸ್ತೂಲಿನ ಗುಂಡು ಬೇರೆ.

ನೀವು ಕೇಳಿದ ಎರಡರ ಬಗ್ಗೆ ಹೇಳುತ್ತೇನೆ. ನಿರ್ಭೀಕ್ 2014ರಲ್ಲಿ ಬಂದದ್ದು, ಟೈಟೇನಿಯಂ ಮಿಶ್ರಲೋಹದ ಮೈ. ಆಗಲೇ ಅದರ ಬೆಲೆ ಲಕ್ಷ ದಾಟಿತ್ತು. ಕಟ್ಟಿಕೊಳ್ಳಲು ಹಗುರ ನಿಜ. ಆದರೆ ಅದೇ .32 ಗುಂಡನ್ನು 200 ಗ್ರಾಂ ಹಗುರದ ರಿವಾಲ್ವರಿನಲ್ಲಿ ಹೊಡೆದರೆ ಕೈಗೆ ಒದೆತ ಜಾಸ್ತಿ. ಒದೆತ ಜಾಸ್ತಿ ಆದರೆ ಅಭ್ಯಾಸ ಬಿಟ್ಟುಬಿಡುತ್ತೇವೆ. ನಿಡರ್ ಜೇಬಿಗೆ ಹಿತ, ಆದರೆ ನಿಮ್ಮ ಹಾಗೆ ತೋಟದಲ್ಲಿ ದುಡಿದ ದೊಡ್ಡ ಕೈಗೆ ಆ ಹಿಡಿ ಸಾಲುವುದಿಲ್ಲ. ಅಂಗಡಿಯಲ್ಲಿ ಕೈಯಲ್ಲಿ ಹಿಡಿದು ನೋಡಿ, ಕಿರುಬೆರಳಿಗೆ ಜಾಗ ಸಿಗುತ್ತಾ ಅಂತ.

ನಿಜವಾಗಲೂ ಬದಲಿಸಲೇಬೇಕು ಅನಿಸಿದರೆ 2023ರಲ್ಲಿ ಕಾನ್ಪುರದಿಂದ ಬಂದ ಪ್ರಬಲ್ ನೋಡಿ. ಸಿಲಿಂಡರ್ ಪಕ್ಕಕ್ಕೆ ತೆರೆಯುತ್ತದೆ, ನಮ್ಮ ಹಳೆಯದರ ಹಾಗೆ ನಳಿಗೆ ಬಗ್ಗಿಸಬೇಕಿಲ್ಲ. ಗುಂಡು ತುಂಬಲು, ತೆಗೆಯಲು ಸುಲಭ. ತೂಕ ಮಾತ್ರ ಖಾಲಿ 675 ಗ್ರಾಂ, ಸೊಂಟಕ್ಕೆ ನಿಮ್ಮದಕ್ಕೂ ಅದಕ್ಕೂ ವ್ಯತ್ಯಾಸ ಗೊತ್ತೇ ಆಗುವುದಿಲ್ಲ. ಯಾವುದೇ ತಗೊಂಡರೂ ಮೊದಲು ಲೈಸೆನ್ಸ್ ಪುಸ್ತಕದಲ್ಲಿ ರಿವಾಲ್ವರ್ ಅಂತ ಇದೆಯೋ ಪಿಸ್ತೂಲ್ ಅಂತ ಇದೆಯೋ ನೋಡಿ. ಮಾರಲು, ಕೊಳ್ಳಲು ಜಿಲ್ಲಾಧಿಕಾರಿ ಕಚೇರಿಯಲ್ಲಿ ಕೇಳಿಕೊಂಡೇ ಮುಂದುವರಿಯಿರಿ. 2019ರ ತಿದ್ದುಪಡಿ ಆದ ಮೇಲೆ ಒಬ್ಬರಿಗೆ ಎರಡೇ ಬಂದೂಕು. ಬೆಳೆ ಕಾಯಲು ಮನೆಯಲ್ಲಿ ನಿಮ್ಮ ಹೆಸರಿನ ಕೋವಿ ಇದ್ದರೆ ಅದೂ ಆ ಲೆಕ್ಕಕ್ಕೆ ಸೇರುತ್ತದೆ.

ಸಕಲೇಶಪುರ:
ಅಣ್ಣಾ, ಮಲೆನಾಡಿನವರು ಮರೆಯಬಾರದ ಒಂದು ಮಾತು. ಚರ್ಮದ ಹೋಲ್‌ಸ್ಟರ್ ಒಳ್ಳೆಯದು, ಆದರೆ ರಾತ್ರಿ ರಿವಾಲ್ವರನ್ನು ಅದರೊಳಗೇ ಇಟ್ಟು ಮಲಗಬೇಡಿ. ಚರ್ಮ ಬೆವರು, ತೇವ ಹೀರಿಕೊಂಡು ಹಾಗೇ ಇಟ್ಟುಕೊಳ್ಳುತ್ತದೆ. ಒಂದು ಜುಲೈನಲ್ಲಿ ನಾನು ಹತ್ತು ದಿನ ಹಾಗೆ ಬಿಟ್ಟಿದ್ದೆ. ತೆಗೆದರೆ ಹೋಲ್‌ಸ್ಟರ್ ಮೇಲೆ ಹಸಿರು ಬೂಷ್ಟು, ನಳಿಗೆಯ ಪಕ್ಕದಲ್ಲಿ ಹೊಲಿಗೆ ತಾಗಿದ ಸಾಲಿಗೇ ಸರಿಯಾಗಿ ಕಂದು ತುಕ್ಕಿನ ಚುಕ್ಕೆ. ಅದು ಇವತ್ತಿಗೂ ಹೋಗಿಲ್ಲ. ಸಂಜೆ ಬಂದ ಮೇಲೆ ಗುಂಡು ತೆಗೆದು, ಒಣ ಬಟ್ಟೆಯಲ್ಲಿ ಒರೆಸಿ, ತೆಳ್ಳಗೆ ಎಣ್ಣೆ ಸವರಿ, ಬೀರುವಿನಲ್ಲಿ ಬೀಗ ಹಾಕಿ ಇಡಿ. ಎಣ್ಣೆ ಸುರಿಯಬೇಡಿ, ಗುಂಡಿನ ಬುಡಕ್ಕೆ ಇಳಿದರೆ ಗುಂಡೇ ಸತ್ತು ಹೋಗಬಹುದು. ಚುನಾವಣೆ ಬಂದು ಠಾಣೆಗೆ ಜಮೆ ಮಾಡುವಾಗಲೂ ಹೋಲ್‌ಸ್ಟರ್ ಬಿಚ್ಚಿ, ಎಣ್ಣೆ ಸವರಿಯೇ ಕೊಡಿ.

ಇನ್ನೊಂದು, ಆನೆ ಭಯಕ್ಕೆ ಅಂತ ಕಟ್ಟುತ್ತಿದ್ದರೆ ಆ ಯೋಚನೆ ಬಿಟ್ಟುಬಿಡಿ. .32 ಗುಂಡು ಆನೆಯನ್ನು ಕೆರಳಿಸುತ್ತದೆ ಅಷ್ಟೇ, ನಿಮ್ಮನ್ನು ಉಳಿಸುವುದಿಲ್ಲ.

ಮೂಡಿಗೆರೆ ತೋಟ:
ಇಲ್ಲ ಅಣ್ಣಾ, ಆನೆಗಲ್ಲ, ಹಣದ ಓಡಾಟಕ್ಕೆ ಮಾತ್ರ. ಸಾರ್, ಹೊಸ ಬೆಲ್ಟ್, ಹೋಲ್‌ಸ್ಟರ್ ಬಂದ ಮೇಲೆ ನೇರ ಗುಂಡು ತುಂಬಿ ಕಟ್ಟಬಹುದಾ?

ಹಾಸನ, ನಿವೃತ್ತ ಸೈನಿಕ:
ಬೇಡ. ಒಂದು ವಾರ ಖಾಲಿಯಾಗಿ ಕಟ್ಟಿಕೋ, ಮನೆ ಅಂಗಳ ಮತ್ತು ತೋಟದೊಳಗೆ ಮಾತ್ರ. ಗುಂಡು ಬೇರೆ ಕೋಣೆಯಲ್ಲಿರಲಿ. ತೆರೆದು ಆರೂ ತೂತು ಕಣ್ಣಲ್ಲಿ ನೋಡು, ಬೆರಳಲ್ಲಿ ಮುಟ್ಟಿ ನೋಡು. ಜೀಪಿಗೆ ಹತ್ತು, ಇಳಿ, ಬಗ್ಗು, ಗೇಟ್ ತೆಗೆ. ಎಲ್ಲಿ ಒತ್ತುತ್ತದೋ ಅಲ್ಲಿ ಅರ್ಧ ಇಂಚು ಸರಿಸು. ಅಂಗಿ ಒಂದು ಅಳತೆ ದೊಡ್ಡದು, ಚೌಕಳಿಯದು ಹಾಕು, ಉಬ್ಬು ಕಾಣುವುದಿಲ್ಲ. ಹೊರಗೆ ಜನರ ನಡುವೆ ಅದು ಮುಚ್ಚಿಯೇ ಇರಬೇಕು, ಎತ್ತಿ ತೋರಿಸುವುದು ಅಪರಾಧ. ಜೀಪಿನಲ್ಲಿ ಒತ್ತಿತು ಅಂತ ಬಿಚ್ಚಿ ಸೀಟಿನ ಮೇಲೆ, ಡ್ಯಾಶ್‌ಬೋರ್ಡ್ ಒಳಗೆ ಇಡುವ ಅಭ್ಯಾಸ ಮಾತ್ರ ಮಾಡಿಕೊಳ್ಳಬೇಡ. ಟೀ ಕುಡಿಯಲು ಇಳಿದು ಅಲ್ಲೇ ಮರೆತರೆ ಮುಗಿಯಿತು.

ಮೂಡಿಗೆರೆ ತೋಟ (ಮೂರು ವಾರ ಆದ ಮೇಲೆ):
ಎಲ್ಲರಿಗೂ ತುಂಬಾ ಧನ್ಯವಾದ. ಎರಡು ಪದರದ ಬೆಲ್ಟ್ ಹೊಲಿಸಿದೆ. ಹೋಲ್‌ಸ್ಟರ್ ಎಡಗಡೆ ಮುಂದಕ್ಕೆ, ಪ್ಯಾಂಟಿನ ಹೊರಗೆ. ಮೊದಲ ಮೂರು ದಿನ ಸೀಟ್ ಬೆಲ್ಟಿನ ಬಕಲ್ ಹೋಲ್‌ಸ್ಟರಿಗೆ ತಾಗುತ್ತಿತ್ತು. ಎರಡು ಬೆರಳು ಹೊಕ್ಕುಳ ಕಡೆ ಸರಿಸಿದೆ, ಸರಿಹೋಯಿತು. ನಿನ್ನೆ ಚಿಕ್ಕಮಗಳೂರಿಗೆ ಹೋಗಿ ಬಂದೆ, ಪಕ್ಕೆಯಲ್ಲಿ ಗುರುತಿಲ್ಲ. ಬಗ್ಗಿ ಮೂಟೆ ನೋಡುವಾಗ ಹೊಟ್ಟೆಗೆ ಸ್ವಲ್ಪ ಒತ್ತುತ್ತದೆ, ಅಷ್ಟು ತಡೆದುಕೊಳ್ಳಬಹುದು. ರಿವಾಲ್ವರ್ ಮಾರುತ್ತಿಲ್ಲ.