ಪದಚರ್ಚೆ: 'ಶ್ರುತಿ ಹೋಗಿದೆ' ಅನ್ನೋದೊಂದೇ ಸಾಕಾ? ಹಳೇ ಪಿಯಾನೋ ತಂತಿಗೆ ಪದಗಳು ಬೇಕಾಗಿವೆ

ಎಲ್ಲರಿಗೂ ನಮಸ್ಕಾರ,

ತೀರ್ಥಹಳ್ಳಿ ಕಡೆ ನಮ್ಮ ನೆಂಟರ ಮನೇಲಿ ಗೋಡೆಗೆ ತಾಗಿಸಿ ಇಡೋ ಥರದ ಹಳೇ ಪಿಯಾನೋ ಒಂದಿದೆ, ಅದರ ತಂತಿ ಸರಿಮಾಡಿಸೋ ಕೆಲಸ ಈಗ ನಡೀತಿದೆ, ಮನೆಯವ್ರಿಗೆ ಮುಂದೆ ಉಪಯೋಗ ಆಗ್ಲಿ ಅಂತ ಕನ್ನಡದಲ್ಲೇ ಒಂದು ಟಿಪ್ಪಣಿ ಬರೆಯೋಕೆ ಕೂತೆ, ಪದಗಳೇ ಸಾಲ್ತಿಲ್ಲ. ನಾವು ಏನಾದ್ರೂ 'ಶ್ರುತಿ ಹೋಗಿದೆ' ಅಂದ್ಬಿಡ್ತೀವಿ. ನಾಲ್ಕು ತಂತಿ ತಂಬೂರಿಗೆ ಅಷ್ಟು ಸಾಕು, ಕೂತ ಜಾಗದಲ್ಲೇ ಬಿರಡೆ (ತಂತಿ ಸುತ್ತಿರೋ ಗೂಟ) ತಿರುಗಿಸಿ ಸರಿ ಮಾಡ್ಕೋಬಹುದು. ಪಿಯಾನೋದಲ್ಲಿ 88 ಕೀ, ಸುಮಾರು 230 ತಂತಿ, ಎಲ್ಲಾ ಸೇರಿ 18 ಟನ್ ಆಸುಪಾಸಿನ ಎಳೆತ, ಅದನ್ನ ತಡೆಯೋಕೆ ಒಳಗೆ ಎರಕದ ಕಬ್ಬಿಣದ ಚೌಕಟ್ಟು. ಅಲ್ಲಿ ಶ್ರುತಿ ಹೋಗೋದು ಒಂದೇ ರೀತೀಲಿ ಅಲ್ಲ, ಮತ್ತೆ ಹೇಗೆ ಹೋಗಿದೆ ಅಂತ ಗೊತ್ತಾಗದೆ ಕೈ ಹಾಕಿದ್ರೆ ತಂತಿ ಕಿತ್ತು ಬರುತ್ತೆ. ಆದ್ದರಿಂದ ಇದು ಬರೀ ಪದದ ಚಪಲ ಅಲ್ಲ, ಒಂದೊಂದು ತೊಂದರೆಗೆ ಒಂದೊಂದು ಹೆಸರು ನಿಜವಾಗ್ಲೂ ಬೇಕು.

ಮೊದಲನೇದು ಸುಲಭ. ವರ್ಷಗಟ್ಟಲೆ ಮುಟ್ಟದೆ ಇಟ್ಟ ಪಿಯಾನೋ ಒಟ್ಟಾರೆ ಕೆಳಗೆ ಬಂದಿರುತ್ತೆ, ನಡುವಿನ ಎ ಸ್ವರ 440 ಹರ್ಟ್ಜ್ (ಸೆಕೆಂಡಿಗೆ 440 ಕಂಪನ) ಇರಬೇಕಾದ್ದು ಅರ್ಧ ಸ್ವರದಷ್ಟು ಕೆಳಗಿರಬಹುದು. ಇದಕ್ಕೆ 'ಶ್ರುತಿ ಇಳಿದಿದೆ' ಅನ್ನೋದು ಸರಿಯಾಗಿ ಹೊಂದುತ್ತೆ, ಹಾರ್ಮೋನಿಯಂ ಕೀ ಲೆಕ್ಕದಲ್ಲಿ ಬಿಳಿ ನಾಲ್ಕು, ಕಪ್ಪು ಎರಡು ಅಂತ ಶ್ರುತಿ ಹೇಳೋರಿಗೆಲ್ಲ ತಕ್ಷಣ ಅರ್ಥ ಆಗುತ್ತೆ. ಮೇಲೆತ್ತೋವಾಗ ಒಂದೇ ಸಲಕ್ಕೆ ಆಗಲ್ಲ, ಈ ಕಡೆ ತಂತಿ ಎಳೆದ್ರೆ ಆ ಕಡೆದು ಸಡಿಲ ಆಗುತ್ತೆ, ಹಾಗಾಗಿ ಮೊದಲು ಒರಟಾಗಿ ಎಲ್ಲಾ ಏರಿಸಿ ಆಮೇಲೆ ಮತ್ತೆ ಮೊದಲಿಂದ ಸೂಕ್ಷ್ಮವಾಗಿ ಕೂಡಿಸ್ಬೇಕು. ತುಕ್ಕು ಹಿಡಿದ ತಂತಿನ ಏರಿಸೋ ಮುಂಚೆ ಒಂದ್ಚೂರು ಸಡಿಲಿಸಿ ತುಕ್ಕಿನ ಹಿಡಿತ ಬಿಡಿಸ್ತಾರೆ, ಇಲ್ಲಾಂದ್ರೆ ಠಪ್ ಅಂತ ಹೋಗುತ್ತೆ. ಅಂದಹಾಗೆ ಉಕ್ಕಿನ ತಂತಿಗೆ ತುಕ್ಕು, ಮಂದ್ರದ ತಂತಿ ಮೇಲೆ ಸುತ್ತಿರೋ ತಾಮ್ರಕ್ಕೆ ಕಿಲುಬು, ಈ ಎರಡು ಪದ ನಮ್ಮಲ್ಲಿ ಬೇರೆ ಬೇರೆ ಇರೋದು ತುಂಬಾ ಅನುಕೂಲ ಆಯ್ತು.

ಎರಡನೇದರಲ್ಲೇ ನಾನು ಸಿಕ್ಕಿಹಾಕ್ಕೊಂಡಿರೋದು. ಹೆಚ್ಚಿನ ಕೀಗಳಿಗೆ ಮೂರು ಮೂರು ತಂತಿ, ಒಂದೇ ಸುತ್ತಿಗೆ ಮೂರನ್ನೂ ಒಟ್ಟಿಗೆ ಹೊಡೆಯುತ್ತೆ (ಕೆಳಗಿನ ಸ್ವರಕ್ಕೆ ಎರಡು, ತೀರಾ ಕೆಳಗಿಂದಕ್ಕೆ ಒಂದೇ). ಮೂರರಲ್ಲಿ ಒಂದು ಸ್ವಲ್ಪ ಜಾರಿದ್ರೂ ಆ ಕೀ ಒಂದೇ ಒತ್ತಿದಾಗ್ಲೂ ದನಿ ವೊಂ... ವೊಂ... ಅಂತ ಏರಿಳಿಯುತ್ತೆ. ಒಂದು ತಂತಿ 440, ಪಕ್ಕದ್ದು 442 ಇದ್ರೆ ಸೆಕೆಂಡಿಗೆ ಎರಡು ಸಲ ಈ ಏರಿಳಿತ. ವಿಜ್ಞಾನ ಬರೆಯೋರು ವಿಸ್ಪಂದ ಅಂತಾರೆ, ತಪ್ಪಿಲ್ಲ, ಆದ್ರೆ ಬಿರಡೆ ತಿರುಗಿಸ್ತಾ ಕಿವಿಗೊಟ್ಟು ಕೂತಿರೋನು ಬಾಯಲ್ಲಿ ಆಡೋ ಪದ ಅಲ್ಲ. ಕಂಪನ ಅನ್ನೋಕಾಗಲ್ಲ, ತಂತಿ ಅದುರೋದಕ್ಕೇ ಅದನ್ನ ಬಳಸ್ತೀವಿ, ಕಂಪಿತ ಅಂದ್ರೆ ಸ್ವರ ಅಲುಗಿಸಿ ಹಾಡೋ ಗಮಕ ಆಗೋಗುತ್ತೆ. ಅಲೆ ಅಂದ್ರೂ ಗೊಂದಲ, ಶಬ್ದದ ಅಲೆ ಅಂತ ಆಗ್ಲೇ ಇದೆ. ನನಗೆ ಒಪ್ಪಿಗೆ ಆಗ್ತಿರೋದು 'ತೊನೆತ'. ತೆನೆ ತೊನೆಯುತ್ತೆ ಅಂತೀವಲ್ಲ, ನಿಧಾನಕ್ಕೆ ಆ ಕಡೆ ಈ ಕಡೆ ತೂಗೋದು, ಅದೇ. ಬಿರಡೆ ತಿರುಗಿಸ್ತಾ ಹೋದ ಹಾಗೆ ತೊನೆತ ನಿಧಾನ ಆಗ್ತಾ ಆಗ್ತಾ ಒಂದು ಹಂತದಲ್ಲಿ ನಿಂತುಬಿಡುತ್ತೆ, ಆಗ ತಂತಿ ಕೂಡ್ತು ಅಂತ ಲೆಕ್ಕ. ಹಾಗಾಗಿ ಈ ತೊಂದರೆನ 'ತಂತಿ ಕೂಡಿಲ್ಲ' ಅಂತ ಬರ್ಕೊಂಡಿದೀನಿ, ಶ್ರುತಿ ಇಳಿದಿರೋದು ಬೇರೆ, ತಂತಿ ಕೂಡದೇ ಇರೋದು ಬೇರೆ. ಇನ್ನೊಂದು ವಿಚಿತ್ರ ಇದೆ, ಉಳಿದೆರಡನ್ನ ಫೆಲ್ಟ್ ತುಂಡಿಂದ ಅದುಮಿ ಹಿಡಿದು ಒಂದೇ ತಂತಿ ನುಡಿಸಿದ್ರೂ ಅದು ತನ್ನಷ್ಟಕ್ಕೆ ತೊನೆಯುತ್ತೆ. ಕುದುರೆ (ತಂತಿಗಳು ಹಾದುಹೋಗೋ ಮರದ ಪಟ್ಟಿ) ಮೇಲಿನ ಸಣ್ಣ ಮೊಳೆ ಸಡಿಲ ಆಗಿದ್ರೆ ಹೀಗಾಗುತ್ತೆ, ಬಿರಡೆ ಎಷ್ಟು ತಿರುಗಿಸಿದ್ರೂ ಹೋಗಲ್ಲ. ಇದಕ್ಕೆ 'ಒಂಟಿ ತೊನೆತ' ಅನ್ನಬಹುದಾ? ನಿಮಗೆ ಇನ್ನೂ ಒಳ್ಳೇದು ಹೊಳೆದ್ರೆ ಹೇಳಿ.

ಕುದುರೆ ಅನ್ನೋದನ್ನ ವೀಣೆಯಿಂದ ಸಲೀಸಾಗಿ ತಗೊಂಡೆ, ಕೆಲಸ ಅದೇ. ಬಿರಡೆ ಬಗ್ಗೆ ಮಾತ್ರ ಸ್ವಲ್ಪ ಅನುಮಾನ ಇತ್ತು. ವೀಣೆ ಬಿರಡೆ ಮರದ್ದು, ತುದಿ ಸಪೂರ, ಒಳಗೆ ಒತ್ತಿ ತಿರುಗಿಸ್ತೀವಿ. ಪಿಯಾನೋದ್ದು ಉಕ್ಕಿನ ಗೂಟ, ತಲೆ ಚೌಕ, ಪದರ ಪದರ ಅಂಟಿಸಿದ ಗಟ್ಟಿಮರದ ದಪ್ಪ ಹಲಗೆ ಒಳಗೆ ಕೂತಿರುತ್ತೆ. ಆದ್ರೆ ನಟ್ಟಿಲ್ಲ ಬೋಲ್ಟಿಲ್ಲ, ಮರ ಬಿಗಿಯಾಗಿ ಹಿಡ್ಕೊಂಡಿರೋದ್ರಿಂದ ಮಾತ್ರ ನಿಲ್ಲುತ್ತೆ, ಸೀಸೆ ಬಾಯಿಗೆ ಹಾಕೋ ಬಿರಡೆನೂ ಹಾಗೇ ಅಲ್ವಾ, ಆದ್ದರಿಂದ ಬಿರಡೆ ಅನ್ನೋದೇ ಸರಿ ಅಂತ ನನ್ನ ತೀರ್ಮಾನ. ಮೂರನೇ ತೊಂದರೆ ಇಲ್ಲೇ, ಮರ ಒಣಗಿ ತೂತು ಹಿಗ್ಗಿದ್ರೆ ಬೆಳಿಗ್ಗೆ ಕೂಡಿಸಿದ್ದು ಸಂಜೆಗೆ ಜಾರುತ್ತೆ. ಅದಕ್ಕೆ ಒಂದು ಗಾತ್ರ ದಪ್ಪದ ಬಿರಡೆ ಹಾಕ್ತಾರೆ, ಅಥವಾ ನೀರಿನಷ್ಟು ತೆಳ್ಳಗಿನ ಸೂಪರ್ ಗ್ಲೂ ಹನಿ ಹನಿಯಾಗಿ ಬುಡಕ್ಕೆ ಇಳಿಸ್ತಾರೆ. 'ಬಿರಡೆ ಕಚ್ತಿಲ್ಲ' ಅಂತ ಬರೆದಿದೀನಿ.

ಕೊನೇದು ಮಲೆನಾಡಿಂದೇ ವಿಷಯ. 'ಮಳೆಗಾಲದಲ್ಲಿ ಶ್ರುತಿ ಇಳಿಯುತ್ತೆ' ಅಂತ ನಮ್ಮ ಕಡೆ ಎಲ್ರೂ ಹೇಳ್ತಾರೆ, ಅದು ಚರ್ಮದ ವಾದ್ಯದ ಅನುಭವದ ಮಾತು, ಥಂಡಿಗೆ ಮದ್ದಳೆ ಚರ್ಮ ಸಡಿಲ ಆಗಿ ದನಿ ಕೆಳಗೆ ಬರುತ್ತೆ. ಪಿಯಾನೋದಲ್ಲಿ ತದ್ವಿರುದ್ಧ! ತಂತಿ ಹಿಂದೆ ತೆಳ್ಳಗಿನ ದೊಡ್ಡ ಹಲಗೆ ಇರುತ್ತೆ, ನಾನು ನಾದಹಲಗೆ ಅಂತ ಕರೀತಿದೀನಿ, ಆರಿದ್ರಾ ಪುನರ್ವಸು ಮಳೆ ಹಿಡಿದಾಗ ಅದು ನೀರು ಹೀರಿ ಉಬ್ಬಿ ಕುದುರೆನ ಮುಂದಕ್ಕೆ ನೂಕುತ್ತೆ, ತಂತಿ ಬಿಗಿ ಆಗಿ ಶ್ರುತಿ ಏರುತ್ತೆ, ಬೇಸಿಗೇಲಿ ಒಣಗಿದಾಗ ಇಳಿಯುತ್ತೆ. ಅದೂ ಎಲ್ಲಾ ಕಡೆ ಸಮನಾಗಿ ಅಲ್ಲ, ನಡುವಿನ ಸ್ವರಗಳು ಜಾಸ್ತಿ ಏರ್ತವೆ, ಎರಡು ತುದಿ ಕಡಿಮೆ, ಹಾಗಾಗಿ ಪಿಯಾನೋ ತನಗೆ ತಾನೇ ಹೊಂದದ ಹಾಗೆ ಕೇಳುತ್ತೆ. ಜುಲೈನಲ್ಲಿ ಏರಿದೆ ಅಂತ ಇಳಿಸಿಬಿಟ್ರೆ ಮಾರ್ಚ್‌ಗೆ ಪಾತಾಳಕ್ಕೆ ಹೋಗಿರುತ್ತೆ. ಈ ಕಾಲಕಾಲದ ಏರಿಳಿತಕ್ಕೆ ನನ್ನ ಹತ್ರ ಪದನೇ ಇಲ್ಲ, ಶ್ರುತಿ ಹೋಗಿದೆ ಅಂದ್ರೆ ಸುಳ್ಳಾಗುತ್ತೆ, ಯಾಕಂದ್ರೆ ಮಳೆ ಬಿಟ್ಟ ಮೇಲೆ ಸುಮಾರಿಗೆ ವಾಪಸ್ ಬರುತ್ತೆ.

ಯಕ್ಷಗಾನದಲ್ಲಿ ಮದ್ದಳೆ ಚಂಡೆ ಬಾರಿಸೋರು, ವೀಣೆ ತಂಬೂರಿ ರಿಪೇರಿ ಮಾಡೋರು, ಸಾಗರ ಸೊರಬ ಕಡೆ ಮರ ಕೆತ್ತೋ ಗುಡಿಗಾರರ ಮನೆಯವ್ರು ಈ ಗುಂಪಲ್ಲಿ ಇದ್ರೆ ದಯವಿಟ್ಟು ಬರೀರಿ. ಹವೆಗೆ ತಕ್ಕಂತೆ ಶ್ರುತಿ ಹೋಗಿ ತಾನೇ ವಾಪಸ್ ಬರೋದಕ್ಕೆ ನಿಮ್ಮ ಕೆಲಸದ ಮಾತಲ್ಲಿ ಏನಂತೀರಿ? ಬಿರಡೆ ತೂತು ಹಿಗ್ಗೋದಕ್ಕೆ ಬೇರೆ ಪದ ಇದೆಯಾ? ತೊನೆತ ಅನ್ನೋದು ಕಿವಿಗೆ ಹಿತ ಅನ್ಸುತ್ತಾ, ಇಲ್ಲಾ ನಿಮ್ಮೂರಲ್ಲಿ ಆಗ್ಲೇ ಬಳಕೇಲಿರೋ ಮಾತು ಬೇರೆ ಇದೆಯಾ? ನಿಮ್ಮ ಊರಿನ ಹೆಸರನ್ನೂ ಜೊತೆಗೆ ಹಾಕಿ, ಟಿಪ್ಪಣೀಲಿ ಪದದ ಪಕ್ಕ ಬರೆದುಕೊಳ್ತೀನಿ.